ಹರಿದು ಹಾಕಿದ ಪ್ರಬಂಧ: ಹೋಲ್ಡನ್ ಕಾಲ್‌ಫೀಲ್ಡನ ದುಃಖವನ್ನು ಕುರಿತು

ತಾರುಣ್ಯದ ಹೊಸ್ತಿಲಲ್ಲಿ ನಿಂತ ಹುಡುಗನ ಸಿಟ್ಟನ್ನು ಲೋಕ ಬೇಗ ಗುರುತಿಸುತ್ತದೆ; ಅವನ ದುಃಖವನ್ನು ಗುರುತಿಸುವುದು ತಡ. ಸಿಟ್ಟಿಗೆ ಸದ್ದುಂಟು, ದುಃಖಕ್ಕೆ ಸದ್ದಿಲ್ಲ. ಕಿಟಕಿಯ ಗಾಜು ಒಡೆದರೆ ಹತ್ತು ಜನ ಓಡಿಬರುತ್ತಾರೆ; ಏಕೆ ಒಡೆದೆಯಪ್ಪಾ ಎಂದು ಕೇಳುವವರು ಆ ಹತ್ತರಲ್ಲಿ ಒಬ್ಬರಿದ್ದರೆ ಅದು ಆ ಹುಡುಗನ ಪುಣ್ಯ. ಅಮೆರಿಕದ ಕಾದಂಬರಿಕಾರ ಜೆ. ಡಿ. ಸ್ಯಾಲಿಂಜರನ ‘ದಿ ಕ್ಯಾಚರ್ ಇನ್ ದಿ ರೈ’ ಓದುವಾಗ ನನ್ನ ಮನಸ್ಸಿಗೆ ನಾಟಿದ ಸಂಗತಿ ಇದೇ. ೧೯೫೧ರ ಜುಲೈಯಲ್ಲಿ ಪ್ರಕಟವಾದ ಈ ಕೃತಿಯನ್ನು ಹದಿಹರೆಯದ ದಂಗೆಯ ಕಥೆಯೆಂದು ಓದುವುದು ವಾಡಿಕೆ. ಅದು ಮೊದಲಾಗಿ ಒಂದು ಸಾವಿನ ಕಥೆ, ಆ ಸಾವಿಗಾಗಿ ಅಳಲು ಎಡೆ ಸಿಗದ ಹುಡುಗನ ಕಥೆ ಎಂಬುದನ್ನು ಕೃತಿಯೊಳಗಿನ ಸಂಗತಿಗಳಿಂದಲೇ ತೋರಿಸುವುದು ಈ ಲೇಖನದ ಉದ್ದೇಶ.

ಗ್ರಂಥಕರ್ತನ ವಿಷಯವಾಗಿ ಒಂದೆರಡು ಮಾತು ಸಾಕು. ಸ್ಯಾಲಿಂಜರ್ ೧೯೧೯ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ, ೨೦೧೦ರಲ್ಲಿ ತೀರಿಕೊಂಡ. ಪೆನ್ಸಿಲ್ವೇನಿಯಾದ ವ್ಯಾಲಿ ಫೋರ್ಜ್ ಸೈನಿಕ ಶಾಲೆಯಲ್ಲಿ ವಾಸವಾಗಿದ್ದು ೧೯೩೬ರಲ್ಲಿ ಅಲ್ಲಿಯ ವಿದ್ಯಾಭ್ಯಾಸ ಮುಗಿಸಿದ. ೧೯೪೪ರ ಜೂನ್ ೬ರಂದು ನಾರ್ಮಂಡಿಯ ತೀರದಲ್ಲಿ ಇಳಿದ ಅಮೆರಿಕನ್ ಸೈನಿಕರಲ್ಲಿ ಅವನೂ ಒಬ್ಬ. ವಸತಿಶಾಲೆಯ ಒಳಗು, ಸಾವಿನ ನೆರೆ, ಎರಡನ್ನೂ ಬಲ್ಲವನು. ಆದರೆ ಬರೆದವನ ಬಾಳಿನಿಂದ ಬರೆಹವನ್ನು ಬಿಡಿಸುವ ದಾರಿಯನ್ನು ನಾನು ಹಿಡಿಯುವುದಿಲ್ಲ. ಕೃತಿಯೇ ಸಾಕಷ್ಟು ಹೇಳುತ್ತದೆ.

ಕಥಾನಾಯಕ ಹೋಲ್ಡನ್ ಕಾಲ್‌ಫೀಲ್ಡನಿಗೆ ಹದಿನಾರು ವರ್ಷ. ಅವನಿರುವ ಪೆನ್ಸಿ ಎಂಬ ಶಾಲೆ, ಶ್ರೀಮಂತರ ಮಕ್ಕಳನ್ನು ಮನೆಯಿಂದ ದೂರವಿರಿಸಿ ಕಾಲೇಜಿಗೆ ಸಿದ್ಧಗೊಳಿಸುವ ಖಾಸಗಿ ವಸತಿಶಾಲೆಗಳ ಮಾದರಿ. ಅದರ ಜಾಹೀರಾತಿನಲ್ಲಿ ಕುದುರೆ ಸವಾರನೊಬ್ಬ ಬೇಲಿ ಹಾರುತ್ತಿರುತ್ತಾನೆ. ಹೋಲ್ಡನ್ ಶಾಲೆಯ ಸುತ್ತಮುತ್ತ ಒಂದು ಕುದುರೆಯನ್ನೂ ಕಂಡವನಲ್ಲ. ಐದು ವಿಷಯಗಳಲ್ಲಿ ನಾಲ್ಕರಲ್ಲಿ ಅವನು ನಪಾಸು. ಇಂಗ್ಲಿಷಿನಲ್ಲಿ ಮಾತ್ರ ಪಾಸು. ಕ್ರಿಸ್‌ಮಸ್ ರಜೆಗೆ ಮುಂಚೆಯೇ ಶಾಲೆಯಿಂದ ತೆಗೆದುಹಾಕುತ್ತಾರೆ. ಇದಕ್ಕೆ ಮೊದಲೂ ಬೇರೆ ಶಾಲೆಗಳನ್ನು ಬಿಟ್ಟುಬಂದವನು ಅವನು. ತಂದೆತಾಯಿಗೆ ಮುಖ ತೋರಿಸಲಾರದೆ ಶನಿವಾರ ರಾತ್ರಿಯೇ ಶಾಲೆ ತೊರೆದು ನ್ಯೂಯಾರ್ಕ್ ನಗರದಲ್ಲಿ ಸೋಮವಾರದವರೆಗೆ ಅಲೆಯುತ್ತಾನೆ. ಕಂಡವರನ್ನೆಲ್ಲ ‘ಫೋನಿ’ ಎಂದು ಹಳಿಯುತ್ತಾನೆ. ನಮ್ಮ ‘ಸೋಗಲಾಡಿ’ ಎಂಬ ಮಾತು ಅದಕ್ಕೆ ಹತ್ತಿರ. ಹೊರಗಿನ ಕಥೆ ಇಷ್ಟೆ.

ಒಳಗಿನ ಕಥೆ ಒಂದು ಪ್ರಬಂಧದಲ್ಲಿದೆ. ಶಾಲೆ ಬಿಡುವ ಆ ಸಂಜೆ ಕೊಠಡಿಯ ಜೊತೆಗಾರ ಸ್ಟ್ರಾಡ್‌ಲೇಟರ್ ತನ್ನ ಪರವಾಗಿ ಇಂಗ್ಲಿಷ್ ಪ್ರಬಂಧವೊಂದನ್ನು ಬರೆದುಕೊಡೆಂದು ಹೋಲ್ಡನನನ್ನು ಕೇಳುತ್ತಾನೆ. ಒಂದು ಕೋಣೆಯನ್ನೋ ಮನೆಯನ್ನೋ ವರ್ಣಿಸಬೇಕು. ಹೋಲ್ಡನನಿಗೆ ಕೋಣೆ ಹೊಳೆಯುವುದಿಲ್ಲ. ತನ್ನ ತಮ್ಮ ಆಲಿಯ ಕೈಗವಸನ್ನು ಕುರಿತು ಬರೆಯುತ್ತಾನೆ. ಬೇಸ್‌ಬಾಲ್ ಆಟದಲ್ಲಿ ಚೆಂಡು ಹಿಡಿಯಲು ತೊಡುವ ತೊಗಲಿನ ಗವಸು ಅದು. ಆಲಿ ಎಡಚ, ಆಟದ ನಡುವೆ ಬಿಡುವು ಸಿಕ್ಕಾಗ ಓದಲೆಂದು ಗವಸಿನ ತುಂಬ ಹಸುರು ಶಾಯಿಯಲ್ಲಿ ಕವಿತೆಗಳನ್ನು ಬರೆದುಕೊಂಡಿದ್ದ. ೧೯೪೬ರ ಜುಲೈ ೧೮ರಂದು, ಹನ್ನೊಂದು ವರ್ಷದವನಿದ್ದಾಗ, ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರಿನಿಂದ ಅವನು ಸತ್ತ. ಹೋಲ್ಡನನಿಗೆ ಆಗ ಹದಿಮೂರು. ಆ ರಾತ್ರಿ ಅವನು ಗ್ಯಾರೇಜಿನಲ್ಲಿ ಮಲಗಿ ಅಲ್ಲಿಯ ಕಿಟಕಿಗಳನ್ನೆಲ್ಲ ಬರಿಗೈಯಲ್ಲಿ ಗುದ್ದಿ ಒಡೆದ. ಕೈ ಮುರಿಯಿತು. ಮಳೆ ಬಂದಾಗ ಈಗಲೂ ನೋಯುತ್ತದೆ. ಮುಷ್ಟಿ ಪೂರಾ ಬಿಗಿಯಲಾಗುವುದಿಲ್ಲ.

ಸ್ಟ್ರಾಡ್‌ಲೇಟರ್ ಬಂದು ಪ್ರಬಂಧ ನೋಡಿ ರೇಗುತ್ತಾನೆ. ಕೋಣೆಯನ್ನು ವರ್ಣಿಸೆಂದರೆ ಗವಸನ್ನು ವರ್ಣಿಸಿದ್ದಾನೆ! ಹೋಲ್ಡನ್ ಅದನ್ನು ಕಿತ್ತುಕೊಂಡು ಚೂರುಚೂರಾಗಿ ಹರಿದು ಹಾಕುತ್ತಾನೆ. ಆ ರಾತ್ರಿ ಇಬ್ಬರಿಗೂ ಹೊಡೆದಾಟವಾಗುತ್ತದೆ. ಕಾರಣ ಮೇಲ್ನೋಟಕ್ಕೆ ಜೇನ್ ಎಂಬ ಹುಡುಗಿ: ಸ್ಟ್ರಾಡ್‌ಲೇಟರ್ ಅವಳೊಡನೆ ಆ ಸಂಜೆ ಕಳೆದು ಬಂದಿದ್ದಾನೆ. ಆದರೆ ಕೃತಿಯಲ್ಲಿ ಮುಂದೆ ಒಂದು ಮಾತು ಬರುತ್ತದೆ. ಅವಸರದ ಓದಿನಲ್ಲಿ ಅದು ತಪ್ಪಿಹೋಗುವ ಸಂಭವ ಹೆಚ್ಚು. ಮನೆಯವರನ್ನು ಬಿಟ್ಟರೆ ಹೋಲ್ಡನ್ ಆ ಗವಸನ್ನು ತೋರಿಸಿದ್ದು ಜೇನಳೊಬ್ಬಳಿಗೆ. ಎಂದಮೇಲೆ ಆ ಒಂದೇ ಸಂಜೆ ತಮ್ಮನ ನೆನಪು ಎರಡು ಕಡೆಯಿಂದ ಗಾಯಗೊಂಡಿತು. ಸಹಪಾಠಿಗಳ ಕಣ್ಣಿಗೆ ಕಂಡದ್ದು ಒಬ್ಬ ಜಗಳಗಂಟ.

ಇನ್ನು ಉತ್ತರಪತ್ರಿಕೆಯ ಪ್ರಸಂಗ. ಇತಿಹಾಸದ ವೃದ್ಧ ಉಪಾಧ್ಯಾಯ ಸ್ಪೆನ್ಸರ್ ಹೋಲ್ಡನನನ್ನು ಮನೆಗೆ ಕರೆಸಿಕೊಂಡು ಅವನ ಉತ್ತರವನ್ನು ಅವನೆದುರೇ ಗಟ್ಟಿಯಾಗಿ ಓದುತ್ತಾರೆ. ಪ್ರಾಚೀನ ಈಜಿಪ್ಟಿನವರನ್ನು ಕುರಿತು ಅವನು ಬರೆದದ್ದು ಬಹು ಸ್ವಲ್ಪ. ಅದರಲ್ಲಿ ಅವನಿಗೆ ಆಸಕ್ತಿಯಿದ್ದ ವಿಷಯ ಒಂದೇ: ಸತ್ತವರ ಮುಖ ಶತಮಾನಗಳವರೆಗೆ ಕೊಳೆಯದಂತೆ ಅವರು ಹೇಗೆ ಸುತ್ತಿಡುತ್ತಿದ್ದರು ಎಂಬುದು. ಉಪಾಧ್ಯಾಯರಿಗೆ ಅದು ಓದದ ಹುಡುಗನ ಬೊಗಳೆ. ನನಗೆ ಅದು ಇಡೀ ಕೃತಿಯ ಬೀಗದಕೈಯಂತೆ ತೋರುತ್ತದೆ. ತಮ್ಮನನ್ನು ಮಣ್ಣಿಗೆ ಕೊಟ್ಟ ಹುಡುಗ ಒಂದು ನಾಗರಿಕತೆಯ ಚರಿತ್ರೆಯಲ್ಲೆಲ್ಲ ನೆನಪಿಟ್ಟುಕೊಂಡದ್ದು ಇದನ್ನು! ಕಥೆಯ ಕೊನೆಯ ಭಾಗದಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ಇಬ್ಬರು ಚಿಕ್ಕ ಹುಡುಗರನ್ನು ಇವನೇ ಮಮ್ಮಿಗಳಿರುವ ಗೋರಿಯ ಕಡೆಗೆ ಕರೆದೊಯ್ಯುತ್ತಾನೆ. ಅವರು ಹೆದರಿ ಓಡಿಹೋದ ಮೇಲೂ ಇವನೊಬ್ಬನೇ ಅಲ್ಲಿ ನಿಲ್ಲುತ್ತಾನೆ. ಅವನಿಗೆ ಅಲ್ಲಿ ನೆಮ್ಮದಿಯೆನ್ನಿಸುತ್ತದೆ.

ಈ ಎಳೆ ಹಿಡಿದು ನೋಡಿದರೆ ಹುಚ್ಚಾಟಗಳೆಂದು ತೋರುವ ಅವನ ನಡತೆಗಳಿಗೆ ಒಂದು ಅರ್ಥ ಕೂಡಿಬರುತ್ತದೆ. ಚಳಿಗಾಲದಲ್ಲಿ ಸೆಂಟ್ರಲ್ ಪಾರ್ಕಿನ ಕೊಳ ಹೆಪ್ಪುಗಟ್ಟಿದಾಗ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆ ಎಂದು ಟ್ಯಾಕ್ಸಿ ಚಾಲಕರನ್ನು ಕೇಳುತ್ತಾನೆ. ಇದ್ದವರು ಇಲ್ಲವಾದರೆ ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಯನ್ನು ಹುಡುಗನೊಬ್ಬ ಬೇರೆ ಹೇಗೆ ಕೇಳಿಯಾನು? ನೈಸರ್ಗಿಕ ವಸ್ತುಸಂಗ್ರಹಾಲಯ ಅವನಿಗೆ ಪ್ರಿಯ. ಗಾಜಿನ ಹಿಂದೆ ಇಟ್ಟದ್ದು ಇಟ್ಟಹಾಗೆಯೇ ಇರುತ್ತದೆ. ಮನಸ್ಸು ಕುಗ್ಗಿದಾಗ ಆಲಿಯೊಡನೆ ಗಟ್ಟಿಯಾಗಿ ಮಾತಾಡುತ್ತಾನೆ: ಹೋಗಿ ಸೈಕಲ್ ತೆಗೆದುಕೊಂಡು ಬಾ ಎನ್ನುತ್ತಾನೆ. ಏಕೆಂದರೆ ಹಿಂದೊಮ್ಮೆ ತಮ್ಮ ಜೊತೆಗೆ ಬರುತ್ತೇನೆಂದಾಗ, ನೀನು ಚಿಕ್ಕವನು ಎಂದು ಬಿಟ್ಟುಹೋಗಿದ್ದ. ಕೈ ಮುರಿದು ಆಸ್ಪತ್ರೆಯಲ್ಲಿದ್ದುದರಿಂದ ತಮ್ಮನ ಅಂತ್ಯಕ್ರಿಯೆಗೂ ಅವನು ಹೋಗಲಾಗಲಿಲ್ಲ. ನಮ್ಮಲ್ಲಿ ಸೂತಕದ ದಿನಗಳೆಂದು ಕೆಲವುಂಟು. ಸತ್ತವರನ್ನು ಕುರಿತು ಮಾತಾಡಲು, ಅಳಲು ಅದೊಂದು ಅವಧಿ. ಹೋಲ್ಡನನಿಗೆ ಅದು ದೊರೆಯಲಿಲ್ಲ. ದೊರೆತದ್ದು ಆಸ್ಪತ್ರೆಯ ಹಾಸಿಗೆ, ಆಮೇಲೆ ಊರಿಂದೂರಿಗೆ ವಸತಿಶಾಲೆ.

ಶಾಲೆಯಲ್ಲಿಯೂ ಅವನು ಇನ್ನೊಂದು ಸಾವನ್ನು ಕಂಡ. ಎಲ್ಕ್‌ಟನ್ ಹಿಲ್ಸ್ ಎಂಬ ಹಿಂದಿನ ಶಾಲೆಯಲ್ಲಿ ಜೇಮ್ಸ್ ಕ್ಯಾಸಲ್ ಎಂಬ ಸಣಕಲು ಹುಡುಗ, ಆಡಿದ ಮಾತನ್ನು ಹಿಂತೆಗೆದುಕೊಳ್ಳಲು ಒಪ್ಪದೆ, ಗುಂಪಾಗಿ ಬಂದು ಪೀಡಿಸಿದವರಿಗೆ ಮಣಿಯದೆ, ಕಿಟಕಿಯಿಂದ ಹಾರಿ ಸತ್ತ. ಸತ್ತಾಗ ಅವನ ಮೈಮೇಲಿದ್ದುದು ಹೋಲ್ಡನನಿಂದ ಎರವಲು ಪಡೆದ ಸ್ವೆಟರ್. ಹಾಜರಿ ಪಟ್ಟಿಯಲ್ಲಿ ಇಬ್ಬರ ಹೆಸರೂ ಒಂದರ ಕೆಳಗೊಂದು. ಪೀಡಿಸಿದ ಹುಡುಗರನ್ನು ಶಾಲೆ ಹೊರಗೆ ಹಾಕಿತು, ಅಷ್ಟೇ. ‘ಸೋಗು’ ಎಂದು ಹೋಲ್ಡನ್ ಕಿಡಿಕಾರುವುದರ ಬೇರು ಇಲ್ಲಿದೆಯೆಂದು ನನ್ನ ಭಾವನೆ. ಮಕ್ಕಳು ಸಾಯುತ್ತಾರೆ, ಜಾಹೀರಾತಿನ ಕುದುರೆ ಮಾತ್ರ ಬೇಲಿ ಹಾರುತ್ತಲೇ ಇರುತ್ತದೆ.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಹೋಲ್ಡನ್ ಸಿರಿವಂತ ವಕೀಲನ ಮಗ, ಓದಿಗೆ ಸೋಮಾರಿ, ಸುಳ್ಳುಗಾರನೆಂದು ತಾನೇ ಹೇಳಿಕೊಳ್ಳುತ್ತಾನೆ. ಹೊಟ್ಟೆಗಿಲ್ಲದ ಮಕ್ಕಳ ಸಂಕಟದೆದುರು ಇವನದು ಯಾವ ಸಂಕಟ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಾವು ಮನೆಯ ಅಂತಸ್ತು ವಿಚಾರಿಸಿ ಬರುವುದಿಲ್ಲ. ರೈಲಿನಲ್ಲಿ ಸಿಕ್ಕವರಿಗೂ ಸುಳ್ಳು ಹೇಳುವ ಈ ಹುಡುಗ ಆಲಿಯ ವಿಷಯಕ್ಕೆ ಬಂದಾಗ ಒಂದು ಮಾತನ್ನೂ ಬಣ್ಣ ಕಟ್ಟಿ ಹೇಳುವುದಿಲ್ಲ. ದುಃಖ ನಿಜವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಉಪಾಧ್ಯಾಯರನ್ನು ಸ್ಯಾಲಿಂಜರ್ ದುಷ್ಟರನ್ನಾಗಿ ಮಾಡಿಲ್ಲವೆಂಬುದನ್ನು ಗಮನಿಸಬೇಕು. ಸ್ಪೆನ್ಸರ್ ಕರುಣಾಳು, ಹುಡುಗನ ಭವಿಷ್ಯದ ಚಿಂತೆ ಅವರಿಗೆ ನಿಜವಾಗಿ ಉಂಟು. ಎಲ್ಕ್‌ಟನ್ ಹಿಲ್ಸಿನ ಆಂಟೊಲಿನಿ ಇನ್ನೂ ಮೇಲು. ಜೇಮ್ಸ್ ಕ್ಯಾಸಲನ ಹೆಣದ ಮೇಲೆ ತನ್ನ ಕೋಟು ಹೊದಿಸಿ ಎತ್ತಿಕೊಂಡು ಹೋದವರು ಅವರೇ. ಮನೆಗೆ ಬಂದ ಹೋಲ್ಡನನಿಗೆ ವಿದ್ಯೆಯ ಬೆಲೆಯನ್ನು ಕುರಿತು ಒಳ್ಳೆಯ ಬುದ್ಧಿಮಾತುಗಳನ್ನೇ ಹೇಳುತ್ತಾರೆ. ಹುಡುಗ ಆಕಳಿಸುತ್ತಾನೆ, ಅದೇ ರಾತ್ರಿ ಒಂದು ಘಟನೆಯಿಂದ ಬೆದರಿ ಅವರ ಮನೆಯಿಂದಲೂ ಓಡುತ್ತಾನೆ. ಇಬ್ಬರೂ ಮುಂದೇನು ಎಂದು ವಿಚಾರಿಸಿದರು. ಹಿಂದೇನಾಯಿತು ಎಂದು ವಿಚಾರಿಸಲಿಲ್ಲ. ಮರುದಿನ ಬೀದಿ ದಾಟುವಾಗಲೆಲ್ಲ ತಾನು ಕರಗಿಹೋದೇನೆಂಬ ಭಯ ಹೋಲ್ಡನನನ್ನು ಹಿಡಿಯುತ್ತದೆ. ಆಗ ಅವನು ಮೊರೆಯಿಡುವುದು ದೇವರಿಗಲ್ಲ, ಗುರುಗಳಿಗಲ್ಲ, ಸತ್ತ ತಮ್ಮನಿಗೆ. ಆಚೆ ಬದಿ ತಲಪಿದೊಡನೆ ಕೃತಜ್ಞತೆಯನ್ನೂ ಹೇಳುತ್ತಾನೆ.

ಕೃತಿಯ ಹೆಸರಿನ ಗುಟ್ಟೂ ಇಲ್ಲಿಯೇ ಇದೆ. ರಾಬರ್ಟ್ ಬರ್ನ್ಸ್ ಕವಿಯ ಹಾಡೊಂದರಲ್ಲಿ ‘ಸಂಧಿಸು’ ಎಂಬ ಅರ್ಥದ ಪದವಿರುವಲ್ಲಿ ಹೋಲ್ಡನ್ ‘ಹಿಡಿ’ ಎಂಬ ಪದವನ್ನು ಕೇಳಿಸಿಕೊಂಡಿದ್ದಾನೆ. ರೈ ಎಂಬ ಧಾನ್ಯದ ಹೊಲದಲ್ಲಿ ಆಡುವ ಮಕ್ಕಳು ಪ್ರಪಾತಕ್ಕೆ ಬೀಳದಂತೆ ಅಂಚಿನಲ್ಲಿ ನಿಂತು ಹಿಡಿಯುವವನಾಗಬೇಕೆಂದು ಅವನ ಆಸೆ. ಆಲಿಯ ಗವಸೂ ಹಿಡಿಯುವ ಸಾಧನವೇ ಅಲ್ಲವೆ? ಒಬ್ಬನನ್ನು ಹಿಡಿಯಲಾರದೆ ಹೋದವನು ಎಲ್ಲರನ್ನೂ ಹಿಡಿಯಬೇಕೆನ್ನುತ್ತಾನೆ.

ಇದನ್ನು ಬಿಡಿಸುವವಳು ಹತ್ತು ವರ್ಷದ ತಂಗಿ ಫೀಬಿ. ನಿನಗೆ ಇಷ್ಟವಾದದ್ದು ಒಂದನ್ನಾದರೂ ಹೇಳು ಎಂದು ಅವಳು ಕೇಳುತ್ತಾಳೆ. ಆಲಿ ಎಂದು ಅವನು ಹೇಳುತ್ತಾನೆ. ಆಲಿ ಸತ್ತಿದ್ದಾನಲ್ಲ ಎಂದು ಅವಳು ನೆನಪಿಸುತ್ತಾಳೆ. ದೊಡ್ಡವರಾರೂ ಅವನೆದುರು ಎತ್ತದ ಮಾತನ್ನು ಮಗು ಎತ್ತಿತು. ಕೊನೆಗೆ ಉದ್ಯಾನದ ತಿರುಗುವ ಕುದುರೆಗಳ ಮೇಲೆ ಅವಳು ಕುಳಿತು ಬಂಗಾರದ ಬಣ್ಣದ ಬಳೆಗೆ ಕೈ ಚಾಚುವಾಗ, ಬೀಳುವುದಾದರೆ ಬೀಳಲಿ, ತಡೆಯಬಾರದು ಎಂದು ಹೋಲ್ಡನನಿಗೆ ಹೊಳೆಯುತ್ತದೆ. ಅಷ್ಟರಲ್ಲಿ ಮಳೆ ಸುರಿಯುತ್ತದೆ. ಹಿಂದೆ ಆಲಿಯ ಗೋರಿಯ ಬಳಿ ಮಳೆ ಬಂದಾಗ ಎಲ್ಲರೂ ಕಾರುಗಳಿಗೆ ಓಡಿ ರೇಡಿಯೋ ಹಾಕಿಕೊಂಡು ಊಟಕ್ಕೆ ಹೊರಟಿದ್ದರು. ಆಲಿಯೊಬ್ಬ ಅಲ್ಲೇ ಉಳಿದ ಎಂಬ ಸಂಕಟ ಹೋಲ್ಡನನನ್ನು ಬಿಟ್ಟಿರಲಿಲ್ಲ. ಈಗ ಮಿಕ್ಕವರು ಮಾಡಿನ ಕೆಳಗೆ ಸರಿದರೂ ಅವನು ಬೆಂಚಿನಿಂದ ಏಳುವುದಿಲ್ಲ. ತೊಯ್ದು ತೊಪ್ಪೆಯಾಗಿ ಕುಳಿತೇ ಇರುತ್ತಾನೆ, ಸಂತೋಷದಿಂದ. ತಮ್ಮನೊಡನೆ ಮಳೆಯಲ್ಲಿ ಉಳಿದ ಅಣ್ಣ ಎಂದು ನಾನು ಇದನ್ನು ಓದುತ್ತೇನೆ.

ನಮ್ಮ ವಿದ್ಯಾರ್ಥಿನಿಲಯಗಳು ಪೆನ್ಸಿಯಂಥ ಸಿರಿವಂತರ ಶಾಲೆಗಳಲ್ಲ. ಆದರೆ ಮನೆಯಿಂದ ದೂರವಿರುವುದು ಎಲ್ಲಿಯೂ ದೂರವೇ. ಊರಿನಿಂದ ಸುದ್ದಿ ಬಂದು ಹೋಗಿ, ಸೂತಕ ಕಳೆದು ಹಿಂತಿರುಗಿದ ಗೆಳೆಯನೊಡನೆ ನಾವು ಮೊದಲು ಎತ್ತುವ ಮಾತು ತಪ್ಪಿದ ಪಾಠಗಳದು, ಕಡಿಮೆಬಿದ್ದ ಹಾಜರಿಯದು. ತಪ್ಪಲ್ಲ, ಅದೂ ಬೇಕು. ಅದರೊಡನೆ ತೀರಿಕೊಂಡವರ ಹೆಸರೇನು, ಅವರು ಹೇಗಿದ್ದರು ಎಂದು ಒಂದು ಮಾತು ಕೇಳುವುದಕ್ಕೆ ಯಾವ ಪಾಂಡಿತ್ಯವೂ ಬೇಡ. ಕೋಣೆಯನ್ನು ವರ್ಣಿಸೆಂದಾಗ ಗವಸನ್ನು ವರ್ಣಿಸಿದ ಹುಡುಗನಿಗೆ ಅಂಕ ಕೊಡಲಾಗದೆ ಇರಬಹುದು. ಗವಸು ಯಾರದಪ್ಪಾ ಎಂದು ಕೇಳಬಹುದು.