ಬೀಡಿ ಬಿಡಲು ದೂರವಾಣಿಯ ನೆರವು



ತಂಬಾಕು ಬಿಡುವವರಿಗೆ ಮೊಬೈಲ್ ಸಂದೇಶ ಕಳಿಸುವ ಯೋಜನೆಯನ್ನು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಆರಂಭಿಸಿತು. ಓದು ಬಾರದ ತೋಟದಾಳಿಗೆ ಸಂದೇಶಕ್ಕಿಂತ ಮಾತೇ ಮೇಲೆಂಬುದು ನಮ್ಮ ಅಭಿಪ್ರಾಯ. 2018ರ ಸೆಪ್ಟೆಂಬರಿನಿಂದ ಬೀಡಿ ಕಟ್ಟು, ಸಿಗರೇಟು ಪೊಟ್ಟಣಗಳ ಮೇಲೆ ಅಚ್ಚಾಗುತ್ತಿರುವ 1800-112-356ಕ್ಕೆ ಕರೆ ಮಾಡಲು ಕಾಸಿಲ್ಲ. ಅದೇ ವರ್ಷದಿಂದ ಬೆಂಗಳೂರಿನ ನಿಮ್ಹಾನ್ಸ್ ಈ ಕೆಲಸಕ್ಕೆ ಸೇರಿರುವುದರಿಂದ ಕನ್ನಡದಲ್ಲೇ ಮಾತನಾಡಬಹುದು. ಸಲಹೆಗಾರರು ಬಿಡುವ ದಿನವನ್ನು ಗೊತ್ತುಮಾಡಿಸಿ, ಅನಂತರ ತಾವೇ ಕರೆದು ವಿಚಾರಿಸುತ್ತಾರೆ. ಈ ವಿಚಾರಣೆಯೇ ದೊಡ್ಡದು. ಚಟದ ತುಡಿತ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ, ಆದರೆ ಮೊದಲ ವಾರಗಳಲ್ಲಿ ಮತ್ತೆ ಮತ್ತೆ ಏಳುತ್ತದೆ. ಬಿಟ್ಟವರು ಜಾರುವುದು ಆಗಲೇ.

ಎಲೆಅಡಿಕೆಯೊಡನೆ ಹೊಗೆಸೊಪ್ಪು ಹಾಕುವವರಿಗೂ ಇದೇ ಸಂಖ್ಯೆ. (ಅಡಿಕೆ ಬೆಳೆಯುವ ನಾವು ಇದನ್ನು ಹೇಳದಿರಲಾಗದು.) ದೊಡ್ಡಬಳ್ಳಾಪುರ, ನೆಲಮಂಗಲದ ಕಡೆಯ ಸದಸ್ಯರು ಬಟವಾಡೆಯ ದಿನ ಆಳುಗಳಿಗೆ ಆ ಸಂಖ್ಯೆಯನ್ನು ತೋರಿಸಿ, ಬೇಕೆಂದವರಿಗೆ ಒತ್ತಿಕೊಡಬೇಕೆಂದು ಕೋರುತ್ತೇವೆ.