ಆರೈಕೆ ಮನೆ ಹೇಗಿರಬೇಕು?



ಮೈಗೆ ಜ್ವರ ಬರುತ್ತದೆ. ಕೀಲು ನೋವು ಬರುತ್ತದೆ. ಹಾಗೆಯೇ ಮನಸ್ಸಿಗೂ ಕಾಯಿಲೆ ಬರುತ್ತದೆ. ಕೆಲವರಿಗೆ ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ಮಾತು ಕೇಳಿಸುತ್ತದೆ. ಕೆಲವರು ಮನೆಯವರ ಮೇಲೆಲ್ಲ ಅನುಮಾನ ಪಡುತ್ತಾರೆ. ಕೆಲವರು ಊಟ, ನಿದ್ದೆ, ಸ್ನಾನ ಬಿಟ್ಟು ಮೂಲೆ ಸೇರುತ್ತಾರೆ. ನಮ್ಮ ಊರುಗಳಲ್ಲಿ ಇದಕ್ಕೆ ಹುಚ್ಚು ಅನ್ನುತ್ತಾರೆ. ಗಾಳಿ ಸೋಕಿದೆ ಅನ್ನುತ್ತಾರೆ. ಯಾರೋ ಮಾಟ ಮಾಡಿಸಿದ್ದಾರೆ ಅನ್ನುವವರೂ ಇದ್ದಾರೆ. ಇದು ಮನೋರೋಗ. ಇದಕ್ಕೆ ಮದ್ದು ಇದೆ.

ಮನೋರೋಗ ಬಂದವರಲ್ಲಿ ಬಹಳ ಮಂದಿ ಮನೆಯಲ್ಲೇ ಇರುತ್ತಾರೆ. ಮಾತ್ರೆ ತೆಗೆದುಕೊಂಡು ಹೊಲದ ಕೆಲಸ, ಮನೆಯ ಕೆಲಸ ಮಾಡಿಕೊಂಡು ಹೋಗುತ್ತಾರೆ. ಕೆಲವರಿಗೆ ಮಾತ್ರ ಬೇರೆ ಕಡೆ ಇರಬೇಕಾಗುತ್ತದೆ. ನೋಡಿಕೊಳ್ಳುತ್ತಿದ್ದ ತಾಯಿ ತೀರಿಕೊಂಡಿರುತ್ತಾರೆ. ಗಂಡನ ಮನೆಯವರು ಕೈ ಬಿಟ್ಟಿರುತ್ತಾರೆ. ಕೂಲಿಗೆ ಹೋಗುವ ಅಕ್ಕನಿಗೆ ಹಗಲೆಲ್ಲ ಕಾಯಲು ಆಗುವುದಿಲ್ಲ. ಅಂಥವರಿಗಾಗಿ ಹತ್ತು, ಹದಿನೈದು ಜನ ಇರುವ ಚಿಕ್ಕ ಮನೆಗಳಿವೆ. ಕೆಲವನ್ನು ಸಂಘ ಸಂಸ್ಥೆಗಳು ನಡೆಸುತ್ತವೆ. ಕೆಲವು ದುಡ್ಡು ತೆಗೆದುಕೊಳ್ಳುವ ಖಾಸಗಿ ಮನೆಗಳು. ಆಸ್ಪತ್ರೆಗೂ ಸ್ವಂತ ಮನೆಗೂ ನಡುವೆ ಇರುವ ಮನೆಗೆ ಹಾಫ್‌ವೇ ಹೋಮ್ ಅನ್ನುತ್ತಾರೆ. ಈ ಪಾಠದಲ್ಲಿ ನಾವು ಇವೆಲ್ಲಕ್ಕೂ ಆರೈಕೆ ಮನೆ ಎಂದೇ ಕರೆಯೋಣ.

ಒಳ್ಳೆಯ ಆರೈಕೆ ಮನೆ ಯಾವುದು? ಹೋಗಿ ನೋಡಿದರೆ ನಮಗೆ ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ. ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ತನ್ನ ತಂಗಿಗಾಗಿ ಇಂಥ ಮನೆ ಹುಡುಕುತ್ತಿದ್ದರು. ತಂಗಿಗೆ ಮೂವತ್ತೆರಡು ವರ್ಷ. ಅಕ್ಕನ ಜೊತೆ ನಾವೂ ಹೋದೆವು. ಒಂದೇ ದಿನ ಎರಡು ಮನೆ ನೋಡಿದೆವು.

ಮೊದಲನೆಯ ಮನೆ ಹೊಸದು. ನೆಲ ಫಳಫಳ ಹೊಳೆಯುತ್ತಿತ್ತು. ಗೋಡೆಗೆ ಹೊಸ ಬಣ್ಣ. ದೊಡ್ಡ ಟಿ.ವಿ. ಇತ್ತು. ಹನ್ನೆರಡು ಹೆಂಗಸರು ಗೋಡೆ ಪಕ್ಕ ಸಾಲಾಗಿ ಕೂತಿದ್ದರು. ಎಲ್ಲರಿಗೂ ಒಂದೇ ಬಣ್ಣದ ನೈಟಿ. ಎಲ್ಲರ ತಲೆಯೂ ಬೋಳು. "ಹೇನು ಆಗ್ತದೆ ಅಂತ ಬೋಳಿಸ್ತೀವಿ" ಅಂದರು ಅಲ್ಲಿಯ ಮೇಲ್ವಿಚಾರಕಿ. ಬೆಳಿಗ್ಗೆ ಹನ್ನೊಂದು ಗಂಟೆ. ಅರ್ಧ ಮಂದಿ ತೂಕಡಿಸುತ್ತಿದ್ದರು. ಯಾರೂ ಯಾರ ಜೊತೆಯೂ ಮಾತಾಡಲಿಲ್ಲ. ಒಬ್ಬರು ನೀರು ಕೇಳಿದರು. "ಏ ಏಳನೇ ನಂಬರ್, ಕೂತ್ಕೋ" ಎಂಬ ಉತ್ತರ ಬಂತು.

ಅಕ್ಕನ ಮುಂದೆ ಒಂದು ಕಾಗದ ಇಟ್ಟರು. ಇಂಕಿನ ಡಬ್ಬಿಯನ್ನೂ ಇಟ್ಟರು. "ಇಲ್ಲಿ ಹೆಬ್ಬೆಟ್ಟು ಒತ್ತಮ್ಮ" ಅಂದರು.

"ತಾಳಿ, ಓದ್ತೀನಿ" ಅಂದರು ಅಕ್ಕ.

ಓದುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಒತ್ತಕ್ಷರ ಬಂದಾಗ ನಿಂತು, ಬೆರಳಿಟ್ಟು ಓದಿದರು. ಮೇಲ್ವಿಚಾರಕಿ ಎರಡು ಸಲ ಗಡಿಯಾರ ನೋಡಿದರು. ಐದನೆಯ ಸಾಲಿಗೆ ಬಂದಾಗ ಅಕ್ಕನ ಬೆರಳು ನಿಂತಿತು. ಮೂರು ತಿಂಗಳು ಮನೆಯವರು ನೋಡಲು ಬರುವಂತಿಲ್ಲ, ಫೋನು ಮಾಡುವಂತಿಲ್ಲ ಎಂದು ಬರೆದಿತ್ತು. ಅಕ್ಕ ಕಾಗದವನ್ನು ಮೇಜಿನ ಮೇಲೆ ಇಟ್ಟರು. "ಬನ್ನಿ ಟೀಚರೇ, ಹೋಗಾಣ" ಅಂದರು.

ಎರಡನೆಯದು ಹಳೆಯ ಹೆಂಚಿನ ಮನೆ. ಅಂಗಳದಲ್ಲಿ ಬಟ್ಟೆ ಒಣಗುತ್ತಿದ್ದವು. ಸೀರೆ, ಚೂಡಿದಾರ, ಲಂಗ, ಒಂದೊಂದು ಒಂದೊಂದು ಬಣ್ಣ. ಬಾಗಿಲಲ್ಲಿ ಹತ್ತು ಜೊತೆ ಚಪ್ಪಲಿ. ಒಳಗೆ ಜಗಳ! ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಒಬ್ಬರು ಕೂಗುತ್ತಿದ್ದರು. "ನಾಳೆ ನೀನೇ ಮಾಡು" ಎಂದು ಇನ್ನೊಬ್ಬರು ಅನ್ನುತ್ತಿದ್ದರು. ಅಕ್ಕನ ಮುಖದಲ್ಲಿ ಅವತ್ತು ಮೊದಲ ಸಲ ನಗು ಬಂತು. ಉಪ್ಪು ಜಾಸ್ತಿ ಅನ್ನುವಷ್ಟು ಧೈರ್ಯ ಇರುವ ಮನೆಯಲ್ಲಿ ಹೆದರಿಕೆ ಕಡಿಮೆ. ನಮ್ಮ ಲೆಕ್ಕದಲ್ಲಿ ಆ ಜಗಳ ಆ ಹೊಳೆಯುವ ನೆಲಕ್ಕಿಂತ ದೊಡ್ಡದು.

ಅಲ್ಲಿಯೂ ಎಲ್ಲವೂ ಸರಿ ಇರಲಿಲ್ಲ. ಬಚ್ಚಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಅಕ್ಕ ಕೇಳಿದರು: "ಹೆಂಗಸರು ಸ್ನಾನ ಮಾಡೋದು ಹೇಗೆ?" ಯಾರಾದರೂ ಒಳಗೆ ಬಿದ್ದರೆ ಬಾಗಿಲು ತೆಗೆಯಲು ಆಗುವುದಿಲ್ಲ, ಅದಕ್ಕೇ ಇಟ್ಟಿಲ್ಲ ಅಂದರು. ಅದೂ ಸರಿಯೇ. ಆದರೆ ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಅಂಗಡಿಯಲ್ಲಿ ಸಿಗುತ್ತದೆ. ಅಕ್ಕ ಅದನ್ನು ಹೇಳಿದರು. ಮುಂದಿನ ತಿಂಗಳು ಹೋದಾಗ ಚಿಲಕ ಬಂದಿತ್ತು. ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ ಎಂದೂ ಅಕ್ಕ ಕೇಳಿದ್ದರು. ಒಬ್ಬರೇ ಅಂದಿದ್ದರು. ಅದು ಈಗಲೂ ಒಬ್ಬರೇ. ಅಕ್ಕ ಈಗಲೂ ಕೇಳುತ್ತಲೇ ಇದ್ದಾರೆ.

ಬೋಳು ತಲೆ, ಒಂದೇ ಬಣ್ಣದ ನೈಟಿ. ಇದು ಬರೀ ನಮ್ಮ ಮನಸ್ಸಿಗೆ ಬೇಸರ ತರುವ ವಿಷಯವಲ್ಲ. ಇದಕ್ಕೆ ಕಾನೂನು ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಎಂದು ಅದರ ಹೆಸರು. 2017ರಲ್ಲಿ ಬಂತು. 2018ರಲ್ಲಿ ಜಾರಿ ಆಯಿತು. ಬಲವಂತವಾಗಿ ತಲೆ ಬೋಳಿಸುವಂತಿಲ್ಲ ಎಂದು ಅದರಲ್ಲಿ ಬರೆದಿದೆ. ತನ್ನ ಸ್ವಂತ ಬಟ್ಟೆ ಹಾಕಿಕೊಳ್ಳುತ್ತೇನೆ ಅಂದರೆ ಬಿಡಬೇಕು. ಸಾಕಷ್ಟು ಊಟ ಕೊಡಬೇಕು. ಜಾಗ ಚೊಕ್ಕಟವಾಗಿರಬೇಕು. ಮುಟ್ಟಿನ ದಿನಗಳಲ್ಲಿ ಬೇಕಾದ ಬಟ್ಟೆ, ಪ್ಯಾಡು ಕೊಡಬೇಕು. ಹೌದು, ಇದೂ ಕಾನೂನಿನಲ್ಲಿ ಬರೆದಿದೆ. ಮನೆಯವರು ನೋಡಲು ಬರಬಹುದು. ಫೋನು ಮಾಡಬಹುದು. ಕಾಗದ ಬರೆಯಬಹುದು. ಮೂರು ತಿಂಗಳು ಬರಬೇಡಿ ಎಂದು ಎಲ್ಲರಿಗೂ ಒಂದೇ ಬೇಲಿ ಹಾಕುವ ಮನೆ ಏನನ್ನೋ ಮುಚ್ಚಿಡುತ್ತಿದೆ ಎಂದೇ ನಾವು ತಿಳಿಯುತ್ತೇವೆ.

ಕೆಲಸದ ಮಾತು. ಆರೈಕೆ ಮನೆಯಲ್ಲಿ ತರಕಾರಿ ಹೆಚ್ಚಿದರೆ, ಕಸ ಗುಡಿಸಿದರೆ ತಪ್ಪೇ? ತಪ್ಪಲ್ಲ. ಕೈಗೆ ಕೆಲಸ ಇದ್ದರೆ ಮನಸ್ಸು ಹಗುರಾಗುತ್ತದೆ. ಸರದಿ ಪ್ರಕಾರ ಅಡುಗೆ ಮಾಡುವುದು ಮುಂದೆ ಸ್ವಂತ ಮನೆಗೆ ಹೋದಾಗ ಬೇಕೇ ಬೇಕು. ಆದರೆ ಮಾಲೀಕರ ಮನೆಯ ಪಾತ್ರೆ ತಿಕ್ಕಿಸುವುದು, ಒಲ್ಲೆ ಅಂದರೆ ಊಟ ಇಲ್ಲ ಅನ್ನುವುದು, ಇದು ಆರೈಕೆ ಅಲ್ಲ. ಇಷ್ಟವಿಲ್ಲದ ಕೆಲಸಕ್ಕೆ ಬಲವಂತ ಮಾಡುವಂತಿಲ್ಲ. ದುಡಿಸಿಕೊಂಡರೆ ತಕ್ಕ ಕೂಲಿ ಕೊಡಬೇಕು.

ಇನ್ನು ಸರಪಳಿ. ಕಟ್ಟಿಹಾಕದಿದ್ದರೆ ಓಡಿಹೋಗುತ್ತಾರೆ ಎಂದು ನಮ್ಮಲ್ಲಿ ಈಗಲೂ ಹೇಳುವವರಿದ್ದಾರೆ. ಪಕ್ಕದ ತಮಿಳುನಾಡಿನಲ್ಲಿ ಏರ್ವಾಡಿ ಎಂಬ ಊರಿದೆ. ಅಲ್ಲಿ ದರ್ಗಾದ ಸುತ್ತ ಮನೋರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಮನೆಗಳಿದ್ದವು. 2001ರ ಆಗಸ್ಟ್ 6ರಂದು ನಸುಕಿನಲ್ಲಿ ಒಂದು ಮನೆಯ ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದವರ ಕಾಲಿಗೆ ಸರಪಳಿ ಇತ್ತು. ಬೆಂಕಿ ಕಂಡರೂ ಓಡಲಾಗಲಿಲ್ಲ. 28 ಜನ ಸತ್ತರು. ಆಮೇಲೆ ಅಂಥ ಮನೆಗಳನ್ನು ಮುಚ್ಚಿಸಿದರು. ಸುಪ್ರೀಂ ಕೋರ್ಟು ತಾನಾಗಿಯೇ ಈ ವಿಷಯ ಕೈಗೆ ತೆಗೆದುಕೊಂಡಿತು. ಈಗಿನ ಕಾಯ್ದೆಯಲ್ಲಿ ಸರಪಳಿ ಪೂರ್ತಿ ನಿಷೇಧ. ಯಾವ ರೀತಿಯಲ್ಲೂ ಸರಪಳಿ ಹಾಕುವಂತಿಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಮನೆ ನೋಡಲು ಹೋದಾಗ ಕಿಟಕಿ, ಬಾಗಿಲು ನೋಡಿ. ರಾತ್ರಿ ಬೀಗ ಹಾಕಿದರೆ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿ.

ಮಾತ್ರೆಯ ವಿಷಯ ಸ್ವಲ್ಪ ನಿಧಾನವಾಗಿ ಓದೋಣ. ಇದರಲ್ಲಿ ಹೆಂಗಸರಿಗೆ ತಿಳಿಯಬೇಕಾದದ್ದು ಬಹಳ ಇದೆ.

ಮನೋರೋಗದ ಮಾತ್ರೆಗಳಿಂದ ಕಾಯಿಲೆ ಹತೋಟಿಗೆ ಬರುತ್ತದೆ. ಜೊತೆಗೆ ಕೆಲವು ತೊಂದರೆಗಳೂ ಆಗಬಹುದು. ಕೈ ನಡುಗಬಹುದು. ಬಾಯಿ ಒಣಗಬಹುದು. ತೂಕ ಏರಬಹುದು. ಕೆಲವು ಮಾತ್ರೆಗಳಿಂದ ಮುಟ್ಟು ನಿಂತುಹೋಗಬಹುದು. ಬಸುರಿಯಲ್ಲದಿದ್ದರೂ ಎದೆಯಲ್ಲಿ ಹಾಲು ಬರಬಹುದು. ಇದನ್ನು ಕಂಡು ಆ ಹೆಣ್ಣುಮಗಳ ನಡತೆಯ ಬಗ್ಗೆ ಮಾತಾಡುವವರಿದ್ದಾರೆ. ಎಷ್ಟು ಅನ್ಯಾಯ! ಮೊದಲು ಡಾಕ್ಟರಿಗೆ ಹೇಳಿ. ಬಸುರಿಯೋ ಅಲ್ಲವೋ ಅವರು ಪರೀಕ್ಷೆ ಮಾಡುತ್ತಾರೆ. ಬೇಕಾದರೆ ಮಾತ್ರೆ ಬದಲಿಸುತ್ತಾರೆ. ಮಾತ್ರೆಯನ್ನು ನಾವೇ ನಿಲ್ಲಿಸಬಾರದು. ಲಿಥಿಯಂ ಎಂಬ ಮಾತ್ರೆ ತೆಗೆದುಕೊಳ್ಳುವವರಿಗೆ ಆಗಾಗ ರಕ್ತ ಪರೀಕ್ಷೆ ಆಗಲೇಬೇಕು.

ಒಳ್ಳೆಯ ಆರೈಕೆ ಮನೆಯಲ್ಲಿ ಒಬ್ಬೊಬ್ಬರ ಹೆಸರಿಗೂ ಒಂದು ಪುಸ್ತಕ ಇರುತ್ತದೆ. ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೆ, ಕೊಟ್ಟವರ ಸಹಿ, ತಿಂಗಳ ತೂಕ. ಅದನ್ನು ಕೇಳಿ. ತನ್ನ ಚಿಕಿತ್ಸೆಯ ದಾಖಲೆ ನೋಡುವ ಹಕ್ಕು ಕಾಯಿಲೆ ಇರುವವರಿಗೆ ಇದೆ. ಎಲ್ಲರೂ ಹಗಲೆಲ್ಲ ತೂಕಡಿಸುತ್ತಿದ್ದರೆ ಯಾಕೆ ಎಂದು ಕೇಳಿ. ಮೊದಮೊದಲು ಸ್ವಲ್ಪ ನಿದ್ದೆ ಬರುವುದು ಉಂಟು. ಹನ್ನೆರಡು ಜನಕ್ಕೂ ಒಟ್ಟಿಗೆ, ದಿನಾ, ಹನ್ನೊಂದು ಗಂಟೆಗೆ ನಿದ್ದೆ ಬಂದರೆ ಅದು ಮನೆಯವರ ಅನುಕೂಲಕ್ಕೆ ಬಂದ ನಿದ್ದೆ ಇರಬಹುದು.

ಸೇರಿಸುವ ಕಾಗದಕ್ಕೆ ಬರೋಣ. ಪ್ರತಿ ಆರೈಕೆ ಮನೆಯೂ ಸರ್ಕಾರದ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ನಾನೇ ಇರುತ್ತೇನೆ ಎಂದು ತಾನಾಗಿ ಸೇರಿದವರು, ಹೋಗುತ್ತೇನೆ ಅಂದಾಗ ಬಿಡಬೇಕು. ಡಾಕ್ಟರಿಗೆ ಅನುಮಾನ ಬಂದರೆ ನೋಡುವುದಕ್ಕೆ 24 ಗಂಟೆ ತಡೆಯಬಹುದು, ಅಷ್ಟೆ. ಕಾಯಿಲೆ ಬಹಳ ಜೋರಾಗಿ, ತನಗೆ ತಾನು ತೀರ್ಮಾನ ಮಾಡಲು ಆಗದಿದ್ದಾಗ, ಅವರ ಪರವಾಗಿ ಮಾತಾಡುವ ಪ್ರತಿನಿಧಿ ಅರ್ಜಿ ಕೊಟ್ಟು ಸೇರಿಸಬಹುದು. ಹಾಗೆ ಸೇರಿಸಿದರೆ ಮೊದಲಿಗೆ 30 ದಿನ ಮೀರುವಂತಿಲ್ಲ. ಮುಂದುವರಿಸಬೇಕಾದರೆ ಮತ್ತೆ ಇಬ್ಬರು ಮನೋವೈದ್ಯರು ನೋಡಬೇಕು. ಮಾನಸಿಕ ಆರೋಗ್ಯ ಪುನರ್ ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು. ಹೆಣ್ಣುಮಗಳನ್ನು ಹೀಗೆ ಸೇರಿಸಿಕೊಂಡರೆ 3 ದಿನದೊಳಗೆ ಆ ಮಂಡಳಿಗೆ ತಿಳಿಸಬೇಕು. ಮಂಡಳಿಯ ಹೆಸರು ಉದ್ದ, ಒತ್ತಕ್ಷರವೂ ಇದೆ. ಎರಡು ಸಲ ಓದಿ, ಬಾಯಿಗೆ ಬರುತ್ತದೆ.

ಬಿಟ್ಟು ಬಂದ ಮೇಲೆ ಏನು? ಇಲ್ಲಿಯೇ ನಮ್ಮ ಮನಸ್ಸು ಗಟ್ಟಿಯಾಗಬೇಕಾದದ್ದು. ಮೊದಲ ತಿಂಗಳು ಎಲ್ಲರೂ ಹೋಗುತ್ತಾರೆ. ಹಬ್ಬಕ್ಕೆ ಹೋಗುತ್ತಾರೆ. ಆಮೇಲೆ ಬಸ್ಸಿನ ದುಡ್ಡು, ಸುಗ್ಗಿ, ಮಕ್ಕಳ ಪರೀಕ್ಷೆ. ಹೋಗುವುದು ನಿಲ್ಲುತ್ತದೆ. ನೋಡಲು ಯಾರೂ ಬಾರದವರ ತಟ್ಟೆಗೆ ಕೆಟ್ಟ ಮನೆಯಲ್ಲಿ ಸಾರು ತೆಳ್ಳಗಾಗುತ್ತದೆ. ಕರೆದುಕೊಂಡು ಹೋಗಲು ಯಾರೂ ಇಲ್ಲ ಎಂಬ ಒಂದೇ ಕಾರಣಕ್ಕೆ ಒಬ್ಬರನ್ನು ಅಲ್ಲೇ ಇಟ್ಟುಕೊಳ್ಳಬಾರದು ಎಂದೂ ಕಾಯ್ದೆ ಹೇಳುತ್ತದೆ. ಊರಿನ ನಡುವೆ, ಎಲ್ಲರ ಹಾಗೆ ಬಾಳುವ ಹಕ್ಕು ಅವರಿಗೂ ಇದೆ. ಚೆನ್ನೈನಲ್ಲಿ ಬನ್ಯನ್ ಎಂಬ ಸಂಸ್ಥೆ 1993ರಿಂದ ಬೀದಿಯಲ್ಲಿದ್ದ ಮನೋರೋಗಿ ಹೆಂಗಸರನ್ನು ನೋಡಿಕೊಳ್ಳುತ್ತಿದೆ. ಮನೆಗೆ ಹೋಗಲಾಗದವರಿಗೆ 2015ರಲ್ಲಿ ಅದು ಬೇರೆ ದಾರಿ ಹಿಡಿಯಿತು. ಊರೊಳಗೆ ಮನೆ ಮಾಡಿ, ನಾಲ್ಕೈದು ಹೆಂಗಸರನ್ನು ಒಟ್ಟಿಗೆ ಇರಿಸಿತು. ಸಹಾಯಕ್ಕೆ ಒಬ್ಬರು ಇರುತ್ತಾರೆ. ಅವರೇ ಅಂಗಡಿಗೆ ಹೋಗುತ್ತಾರೆ, ಪಕ್ಕದ ಮನೆಯವರ ಜೊತೆ ಮಾತಾಡುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೂ ರಿಚ್‌ಮಂಡ್ ಫೆಲೋಶಿಪ್ ಎಂಬ ಸಂಸ್ಥೆ 1986ರಲ್ಲಿ ಶುರುವಾಗಿ, ಇಂಥ ಚಿಕ್ಕ ಮನೆಗಳನ್ನು ನಡೆಸಿಕೊಂಡು ಬಂದಿದೆ.

ಆ ಅಕ್ಕ ತಿಂಗಳಿಗೊಮ್ಮೆ ಹೋಗುತ್ತಾರೆ. ಹೇಳದೆ ಹೋಗುತ್ತಾರೆ, ಊಟದ ಹೊತ್ತಿಗೆ ಹೋಗುತ್ತಾರೆ. ತಂಗಿಯನ್ನು ಅಂಗಳಕ್ಕೆ ಕರೆದು ಬೇರೆ ಕೂತು ಮಾತಾಡುತ್ತಾರೆ. ದುಡ್ಡು ಕಟ್ಟಿದರೆ ರಸೀದಿ ಓದಿ ಇಟ್ಟುಕೊಳ್ಳುತ್ತಾರೆ. ತಂಗಿ ಈಗ ಕೈ ತುಂಬ ಗಾಜಿನ ಬಳೆ ಹಾಕಿಕೊಳ್ಳುತ್ತಾಳೆ. ಕೆಲವು ದಿನ ಕಿವಿಯಲ್ಲಿ ಮಾತು ಈಗಲೂ ಕೇಳುತ್ತದೆಯಂತೆ. "ಕೇಳಿದ್ರೂ ಸೊಪ್ಪು ಬಿಡಿಸ್ತೀನಿ" ಅನ್ನುತ್ತಾಳೆ.

ತಪ್ಪು ಕಂಡರೆ ಯಾರಿಗೆ ಹೇಳಬೇಕು? ಮೊದಲು ಆ ಮನೆಯ ಜವಾಬ್ದಾರಿ ಹೊತ್ತ ಡಾಕ್ಟರಿಗೆ. ಅವರು ಕೇಳದಿದ್ದರೆ ಮಂಡಳಿಗೆ. ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ. ಮನೋರೋಗದ ಬಗ್ಗೆ ಏನು ಕೇಳಬೇಕಾದರೂ 14416 ನಂಬರಿಗೆ ಫೋನು ಮಾಡಿ. ಇದು ಟೆಲಿ ಮಾನಸ್ ಸೇವೆ, 2022ರಲ್ಲಿ ಶುರುವಾಯಿತು. ದುಡ್ಡು ಇಲ್ಲ. ಕನ್ನಡದಲ್ಲೇ ಮಾತಾಡುತ್ತಾರೆ.

ಈ ಪದಗಳನ್ನು ಗಟ್ಟಿಯಾಗಿ ಓದಿ: ಆರೈಕೆ, ನೋಂದಣಿ, ರಸೀದಿ, ದಾಖಲೆ, ಪ್ರತಿನಿಧಿ, ಒಪ್ಪಿಗೆ, ಮಂಡಳಿ.

ಗುಂಪಿನಲ್ಲಿ ಮಾತಾಡಿ: ನಿಮ್ಮ ಊರಿನಲ್ಲಿ ಮನೋರೋಗ ಇರುವವರನ್ನು ಏನೆಂದು ಕರೆಯುತ್ತಾರೆ? ಹೆಸರು ಹಿಡಿದು ಕರೆಯುತ್ತಾರೆಯೇ? ಬಚ್ಚಲಿನ ಚಿಲಕದ ವಿಷಯದಲ್ಲಿ ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಈಗ ಬರೆಯೋಣ. ಚುಕ್ಕಿ ಇರುವಲ್ಲಿ ನೀವೇ ತುಂಬಿ.

ಮಾನ್ಯರೇ,
ನನ್ನ ತಂಗಿ ............ ನಿಮ್ಮ ಮನೆಯಲ್ಲಿ ............ ತಿಂಗಳಿನಿಂದ ಇದ್ದಾಳೆ. ಹೋದ ಸಲ ನಾನು ಬಂದಾಗ ............ ಕಂಡೆ. ಇದನ್ನು ............ ದಿನದೊಳಗೆ ಸರಿಪಡಿಸಬೇಕು. ನಾನು ಮತ್ತೆ ............ ರಂದು ಬರುತ್ತೇನೆ. ಅವಳ ಮಾತ್ರೆಯ ಪುಸ್ತಕ ತೋರಿಸಬೇಕು.
ಇಂತಿ,
(ಸಹಿ) ............