ಹಳೇಬೀಡಿನವರೆಗೆ ಚಾಚಿದ ಮಂಗೋಲರ ನೆರಳು

ಡಾ. ರಾಜ್‌ಕುಮಾರ್ ಅವರ ‘ಬಹದ್ದೂರ್ ಗಂಡು’ ಚಿತ್ರವನ್ನು ನೀವು ನೋಡಿರಬಹುದು, 1976ರದು. ಆ ಹೆಸರಿನಲ್ಲಿ ‘ಗಂಡು’ ನಮ್ಮದು, ‘ಬಹದ್ದೂರ್’ ಬಹಳ ದೂರದಿಂದ ಬಂದದ್ದು. ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ವೀರನಿಗೆ ‘ಬಗಾತುರ್’ ಎನ್ನುತ್ತಿದ್ದರು. ಚೆಂಗೀಸ್ ಖಾನನ ತಂದೆ ಯೆಸುಗೇಯ್‌ಗೆ ಇದೇ ಬಿರುದಿತ್ತು. ಆ ಮಾತು ಪಾರಸಿಗೆ ಹೋಗಿ, ದಿಲ್ಲಿಗೆ ಬಂದು, ಕೊನೆಗೆ ನಮ್ಮ ಸಿನಿಮಾ ಪೋಸ್ಟರನ್ನೂ ಏರಿತು. ಬಿ.ಟಿ.ಎಂ. ಲೇಔಟಿನ ಹೋಟೆಲ್ ಫಲಕಗಳ ‘ಮೊಗಲಾಯಿ’ಯೂ ಹಾಗೆಯೇ: ಪಾರಸಿಯವರು ‘ಮಂಗೋಲ’ರನ್ನು ‘ಮುಘಲ್’ ಎಂದರು. (ಆ ಬಿರಿಯಾನಿಗೂ ಮಂಗೋಲರಿಗೂ ಸಂಬಂಧವಿಲ್ಲ, ಬಿಡಿ. ಅವರದು ಬೇಯಿಸಿದ ಕುರಿಮಾಂಸ, ಹುಳಿ ಬರಿಸಿದ ಕುದುರೆ ಹಾಲು.)

ಜಯನಗರದಲ್ಲಿ ಕೂತು ಮಂಗೋಲರನ್ನು ಏಕೆ ಓದಬೇಕು ಎಂದು ನೀವು ಕೇಳಬಹುದು. ಉತ್ತರ ಹೇಳುವ ಮೊದಲು ಒಂದು ಪದವನ್ನು ಸರಿಮಾಡಿಕೊಳ್ಳೋಣ. ‘ಅಲೆಮಾರಿ’ ಎಂದ ಕೂಡಲೇ ಗೊತ್ತುಗುರಿಯಿಲ್ಲದೆ ತಿರುಗುವವನು ಎಂದುಕೊಳ್ಳುತ್ತೇವೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸುವುದನ್ನು ನೀವು ಊರಿನ ಕಡೆ ಕಂಡಿರಬೇಕು. ಆ ಕುರಿಗಾಹಿಗೆ ಯಾವ ತಿಂಗಳು ಯಾವ ಊರು, ಯಾರ ಹೊಲ, ಯಾವ ಕೆರೆ ಎಂಬುದೆಲ್ಲ ಗೊತ್ತು. ಅವನು ಅಲೆಯುವುದಿಲ್ಲ, ಋತು ನೋಡಿ ನಡೆಯುತ್ತಾನೆ. ಮಂಗೋಲರೂ ಕುರಿ, ಮೇಕೆ, ದನ, ಒಂಟೆ, ಕುದುರೆಗಳೊಂದಿಗೆ ಹೀಗೆಯೇ ಬೇಸಿಗೆಗೊಂದು, ಚಳಿಗಾಲಕ್ಕೊಂದು ಬೀಡು ಬದಲಿಸುತ್ತಿದ್ದರು.

ವ್ಯತ್ಯಾಸವಿರುವುದು ಕುದುರೆಯಲ್ಲಿ. ಅಲ್ಲಿ ಮಕ್ಕಳೂ ಸವಾರಿ ಕಲಿಯುತ್ತಿದ್ದರು. ಕುರಿ ಕಾಯುವವನೇ ಬೇಟೆಗಾರ, ಅವನೇ ಸೈನಿಕ. 1206ರಲ್ಲಿ ಓನೊನ್ ನದಿಯ ದಡದಲ್ಲಿ ‘ಕುರುಲ್ತಾಯ್’, ಅಂದರೆ ಕುಲಗಳ ಮುಖಂಡರ ಮಹಾಸಭೆ, ಸೇರಿ ತೆಮೂಜಿನ್ ಎಂಬುವನಿಗೆ ಚೆಂಗೀಸ್ ಖಾನ್ ಎಂಬ ಪದವಿ ಕೊಟ್ಟಿತು. ಅವನು ಜನರನ್ನು ಹತ್ತು, ನೂರು, ಸಾವಿರ, ಹತ್ತು ಸಾವಿರದ ತಂಡಗಳಾಗಿ ಹಂಚಿದ. ಹಳೆಯ ಕುಲಗಳನ್ನು ಒಡೆದು ಬೆರೆಸಿದ್ದರಿಂದ ನಿಷ್ಠೆ ಕುಲದಿಂದ ಖಾನನ ಕಡೆಗೆ ತಿರುಗಿತು. ನನ್ನ ಮಟ್ಟಿಗೆ ಅವನ ನಿಜವಾದ ಜಾಣ್ಮೆ ಇಲ್ಲಿದೆ, ಕತ್ತಿಯಲ್ಲಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಮಂಗೋಲ್ ದಂಡು ಕರ್ನಾಟಕದ ಮೇಲೆ ಎಂದೂ ಏರಿ ಬರಲಿಲ್ಲ. ಆದರೆ 1303ರಲ್ಲಿ ಅದು ದಿಲ್ಲಿಯನ್ನೇ ಮುತ್ತಿತು. ಚಿತ್ತೋರಿನಿಂದ ಆಗಷ್ಟೇ ಮರಳಿದ್ದ ಅಲ್ಲಾವುದ್ದೀನ್ ಖಿಲ್ಜಿ ಸಿರಿ ಎಂಬಲ್ಲಿ ಬೀಡುಬಿಟ್ಟು ಹೇಗೋ ಉಳಿದುಕೊಂಡ. ಆ ಭಯದಲ್ಲಿ ದೊಡ್ಡ ಸೈನ್ಯ ಕಟ್ಟಿದ. ಕಡಿಮೆ ಸಂಬಳದಲ್ಲಿ ಸೈನಿಕ ಬದುಕಬೇಕೆಂದು ಧಾನ್ಯದಿಂದ ಕುದುರೆಯವರೆಗೆ ಮಾರುಕಟ್ಟೆಯ ಬೆಲೆ ಕಟ್ಟಿಹಾಕಿದ ಎಂದು ಇತಿಹಾಸಕಾರ ಬರನಿ ಬರೆಯುತ್ತಾನೆ. ಆದರೂ ಹಣ ಬೇಕಲ್ಲ? ಅವನ ಸೇನಾನಿ ಮಲಿಕ್ ಕಾಫರ್ ದಕ್ಷಿಣಕ್ಕೆ ಹೊರಟ. 1311ರಲ್ಲಿ ದ್ವಾರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಬಾಗಿಲಿಗೆ ಬಂದಾಗ ಹೊಯ್ಸಳ ಮೂರನೇ ಬಲ್ಲಾಳ ಪಾಂಡ್ಯರ ದಾಯಾದಿ ಜಗಳದ ಲಾಭ ಪಡೆಯಲು ದಕ್ಷಿಣಕ್ಕೆ ಹೋಗಿದ್ದ. ಓಡಿ ಬಂದು, ಕೊನೆಗೆ ಆನೆ, ಕುದುರೆ, ಭಂಡಾರ ಒಪ್ಪಿಸಿ ಶರಣಾದ.

ಮಂಗೋಲರೇ ಇದಕ್ಕೆ ಪೂರ್ತಿ ಕಾರಣ ಎನ್ನಬೇಡಿ. ಅಲ್ಲಾವುದ್ದೀನ್ ಪಟ್ಟಕ್ಕೆ ಬರುವ ಮುಂಚೆಯೇ, 1296ರಲ್ಲಿ, ದೇವಗಿರಿಯ ಚಿನ್ನದ ರುಚಿ ಕಂಡಿದ್ದ. ದುರಾಸೆ ಮೊದಲೇ ಇತ್ತು. ಮಂಗೋಲರ ಭಯ ಅದಕ್ಕೆ ಅವಸರ ತಂದಿತು.

ಇದೆಲ್ಲ ನಮಗೆ ಹೇಗೆ ತಿಳಿಯಿತು? ಇತಿಹಾಸದಲ್ಲಿ ‘ಆಕರ’ ಎಂಬ ಮಾತು ಬರುತ್ತದೆ. ಆ ಕಾಲದವರು ಅಥವಾ ಅದಕ್ಕೆ ಹತ್ತಿರದವರು ಬಿಟ್ಟುಹೋದ ಬರಹ, ಶಾಸನ, ನಾಣ್ಯ ಇವೇ ಆಕರ. ದ್ವಾರಸಮುದ್ರದ ದಂಡಯಾತ್ರೆಯನ್ನು ವರ್ಣಿಸಿದವರಲ್ಲಿ ಕವಿ ಅಮೀರ್ ಖುಸ್ರು ಮುಖ್ಯ. ಮಂಗೋಲರನ್ನು ಅವನು ಕುರೂಪಿಗಳೆಂದು ಹೀಗಳೆಯುತ್ತಾನೆ. ಏಕೆ ಗೊತ್ತೆ? 1285ರಲ್ಲಿ ಅವನೇ ಮಂಗೋಲರ ಕೈಸೆರೆಯಾಗಿದ್ದ. ಬಿಸಿಲಲ್ಲಿ ನಡೆದು ಬಾಯಾರಿ ಹೊಳೆ ಸಿಕ್ಕಾಗ, ಹಿಡಿದವನೂ ಅವನ ಕುದುರೆಯೂ ಹೊಟ್ಟೆ ಬಿರಿಯೆ ಕುಡಿದು ಸತ್ತರು, ತಾನು ತುಟಿ ಒದ್ದೆ ಮಾಡಿಕೊಂಡು ಪಾರಾದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಅಂಥವನ ಮಾತನ್ನು ಓದುವಾಗ ಅವನ ಗಾಯವೂ ನೆನಪಿರಲಿ.

ಕಾಫರನ ಸೈನ್ಯದಲ್ಲೇ ಅಬಾಚಿ ಎಂಬ ಮಂಗೋಲ್ ನಾಯಕನಿದ್ದ. ಪಾಂಡ್ಯರ ಕಡೆ ಸೇರಲು ಸಂಚು ಹೂಡಿದನೆಂದು ಅವನನ್ನು ಮುಂದೆ ದಿಲ್ಲಿಯಲ್ಲಿ ಕೊಲ್ಲಿಸಲಾಯಿತು. ದಂಡಾಗಿ ಬಾರದ ಮಂಗೋಲರು ಸುಲ್ತಾನನ ನೌಕರರಾಗಿ ಹೀಗೆ ದಕ್ಷಿಣಕ್ಕೆ ಬಂದರು. ಈ ಕಥೆ ಬರೆದ ಇಸಾಮಿ, ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಮೊದಲ ಬಹಮನಿ ಸುಲ್ತಾನನ ಆಶ್ರಯದಲ್ಲಿದ್ದವನು.

ಮಂಗೋಲರು ತಮ್ಮ ಬಗ್ಗೆ ತಾವೇ ಏನೂ ಹೇಳಲಿಲ್ಲವೆ? ಹೇಳಿದ್ದಾರೆ. ‘ಮಂಗೋಲರ ರಹಸ್ಯ ಇತಿಹಾಸ’ ಎಂಬ ಕೃತಿ ಚೆಂಗೀಸ್ 1227ರಲ್ಲಿ ಸತ್ತ ನಂತರ ಮಂಗೋಲ್ ಭಾಷೆಯಲ್ಲಿ ಹುಟ್ಟಿತು. ನಮಗೆ ಉಳಿದಿರುವುದು ಚೀನಿ ಲಿಪಿಯಲ್ಲಿ ಅದರ ಉಚ್ಚಾರ ಬರೆದಿಟ್ಟ ಪ್ರತಿ. ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತೀರಲ್ಲ, ಹಾಗೆ. ಚೀನಾದಲ್ಲಿ ದುಭಾಷಿಗಳಿಗೆ ಮಂಗೋಲ್ ಕಲಿಸಲು ಅದು ಪಾಠಪುಸ್ತಕವಾಗಿತ್ತು. ಅದರಲ್ಲಿ ಹುಡುಗ ತೆಮೂಜಿನ್ ನಾಯಿಗೆ ಹೆದರುತ್ತಾನೆ. ಮೀನಿನ ಜಗಳ ಬೆಳೆದು ಮಲಸಹೋದರನನ್ನೇ ಬಾಣ ಬಿಟ್ಟು ಕೊಲ್ಲುತ್ತಾನೆ, ತಾಯಿಯಿಂದ ಬೈಸಿಕೊಳ್ಳುತ್ತಾನೆ. ಆಸ್ಥಾನ ಕವಿಯಾಗಿದ್ದರೆ ಇದನ್ನೆಲ್ಲ ನುಂಗಿಬಿಡುತ್ತಿದ್ದ.

ಹಳೇಬೀಡಿಗೆ ಮತ್ತೆ ಹೋಗುವ ಮೊದಲು ಈ ‘ರಹಸ್ಯ ಇತಿಹಾಸ’ವನ್ನು ಓದಿ. ಅನುವಾದದಲ್ಲಿ ಓದಿದರೂ ಸಾಕು, ಸಂಕೋಚ ಬೇಡ. ಖುಸ್ರು ಆಮೇಲೆ ಬರಲಿ. ಈ ಕ್ರಮವನ್ನು ಮಾತ್ರ ತಪ್ಪಿಸಬೇಡಿ.